ಬೆಳ್ಳಿ ಖರೀದಿ ನಿಂತರೂ ಚಿನ್ನ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: 1893ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗುತ್ತಿದ್ದಾಗ ಅಲ್ಲಿನ ಸಂಸತ್ತು ಬೆಳ್ಳಿ ಖರೀದಿ ಕಾನೂನನ್ನು ರದ್ದು ಮಾಡಿತು ಎಂದು ಓದಿದೆ. ರದ್ದಾದ ಮೇಲೂ ಎಷ್ಟೋ ವರ್ಷ ಕಷ್ಟ ಮುಗಿಯಲಿಲ್ಲವಂತೆ. ಹಾಗಾದರೆ ರದ್ದು ಮಾಡಿದ್ದೇ ತಪ್ಪಾ? ಈ ಕಥೆಯಲ್ಲಿ ನಮ್ಮ ರೂಪಾಯಿಯ ಹೆಸರೂ ಬರುತ್ತದೆ, ಅದು ಹೇಗೆ? ಅಜ್ಜಿಯ ಪೆಟ್ಟಿಗೆಯಲ್ಲಿ 1918ರ ಬೆಳ್ಳಿ ರೂಪಾಯಿಗಳು ಸಿಕ್ಕಿವೆ, ಅದಕ್ಕೇ ಇಷ್ಟು ಕುತೂಹಲ. (ದಾವಣಗೆರೆಯ ಓದುಗರು)

ಉತ್ತರ: ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರದ್ದು ಮಾಡಿದ್ದು ತಪ್ಪಲ್ಲ. ಆದರೆ ಇದೊಂದು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಜನರನ್ನು ನಂಬಿಸಿದ್ದು ದೊಡ್ಡ ತಪ್ಪು. ನಿಮ್ಮ ಅಜ್ಜಿಯ ರೂಪಾಯಿಗಳಿಗೂ ಈ ಕಥೆಗೂ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಂಟಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನ ಬಳಿ ಆ ಕಾಲದ ಒಂದು ಅಮೆರಿಕನ್ ಬೆಳ್ಳಿ ಡಾಲರ್ ಇದೆ. ಪಾಠ ಮಾಡುವಾಗ ಮಕ್ಕಳ ಕೈಗೆ ಕೊಡುತ್ತೇನೆ. ತೂಕ ಸುಮಾರು 26.7 ಗ್ರಾಂ. ನಮ್ಮ ಹಳೆಯ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಡಾಲರ್ ದೊಡ್ಡ ಬಿಲ್ಲೆಯಂತೆ ಕಾಣುತ್ತದೆ. ಆ ಬಿಲ್ಲೆಯ ಮೇಲೆ ಒಂದು ಡಾಲರ್ ಎಂದು ಬರೆದಿದೆ. ಆದರೆ 1893ರ ನಡುವೆ ಅದನ್ನು ಕರಗಿಸಿ ಮಾರಿದ್ದರೆ ಸಿಗುತ್ತಿದ್ದದ್ದು ಅರ್ಧ ಡಾಲರಿಗಿಂತ ಕಡಿಮೆ. ಇಡೀ ಜಗಳ ಹುಟ್ಟಿದ್ದು ಈ ವ್ಯತ್ಯಾಸದಿಂದಲೇ.

ಸ್ವಲ್ಪ ಹಿಂದೆ ಹೋಗೋಣ. ಅಮೆರಿಕದ ಕಾನೂನಿನ ಪ್ರಕಾರ 16 ಔನ್ಸ್ ಬೆಳ್ಳಿ ಅಂದರೆ 1 ಔನ್ಸ್ ಚಿನ್ನ. ಚಿನ್ನದ ಬೆಲೆ ಔನ್ಸಿಗೆ 20.67 ಡಾಲರ್ ಎಂದು ಗೊತ್ತು ಮಾಡಿದ್ದರು. ಆ ಲೆಕ್ಕದಲ್ಲಿ ಬೆಳ್ಳಿ ಔನ್ಸಿಗೆ 1.29 ಡಾಲರ್ ಬಾಳಬೇಕು. ಪಶ್ಚಿಮದ ಗಣಿಗಳಲ್ಲಿ ಬೆಳ್ಳಿ ರಾಶಿ ರಾಶಿ ಸಿಕ್ಕಿತು. ಜರ್ಮನಿಯಂಥ ದೇಶಗಳು ಬೆಳ್ಳಿ ಬಿಟ್ಟು ಚಿನ್ನಕ್ಕೆ ಹೋದವು. ಮಾರುಕಟ್ಟೆಯಲ್ಲಿ ಬೆಳ್ಳಿ ಇಳಿಯುತ್ತಾ ಹೋಯಿತು. 1873ರಲ್ಲಿ ಅಮೆರಿಕದ ಕಾನೂನೊಂದು, ಯಾರು ಬೇಕಾದರೂ ಬೆಳ್ಳಿ ತಂದು ಡಾಲರ್ ಮಾಡಿಸಿಕೊಳ್ಳುವ ಹಕ್ಕನ್ನು ತೆಗೆದಿತ್ತು. ರೈತರು ಅದನ್ನು ಮರೆಯಲೇ ಇಲ್ಲ. ‘73ರ ಅಪರಾಧ’ ಎಂದೇ ಕರೆದರು.

ರೈತರ ಸಿಟ್ಟಿಗೆ ಕಾರಣ ಇತ್ತು. ಕಾನ್ಸಸ್‌ನ ರೈತ ಹೊಲ ಅಡ ಇಟ್ಟು 1,000 ಡಾಲರ್ ಸಾಲ ತಂದ ಅಂದುಕೊಳ್ಳಿ. ಗೋಧಿಯ ಬೆಲೆ ಬುಶೆಲ್ಲಿಗೆ (ಅಲ್ಲಿ ಧಾನ್ಯ ಅಳೆಯುವ ಅಳತೆ) 1 ಡಾಲರ್ ಇದ್ದಾಗ 1,000 ಬುಶೆಲ್ ಮಾರಿದರೆ ಸಾಲ ತೀರುತ್ತದೆ. ಬೆಲೆ ಅರ್ಧ ಡಾಲರಿಗೆ ಬಿದ್ದರೆ 2,000 ಬುಶೆಲ್ ಬೇಕು. ಸಾಲದ ಪತ್ರದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಆದರೆ ಸಾಲ ದುಪ್ಪಟ್ಟಾಗಿದೆ. 1880ರ ಹೊತ್ತಿಗೆ ಡಾಲರಿನ ಆಸುಪಾಸಿನಲ್ಲಿದ್ದ ಗೋಧಿ 1894ರ ಹೊತ್ತಿಗೆ ಅರ್ಧ ಡಾಲರಿಗೆ ಬಂದದ್ದು ನಿಜವಾಗಿ ನಡೆದ ಮಾತು. ಹಣ ಕಡಿಮೆ, ಬೆಳೆ ಜಾಸ್ತಿ. ಬೆಳ್ಳಿಯನ್ನೂ ನಾಣ್ಯ ಮಾಡಿ, ಹಣ ಹೆಚ್ಚಲಿ ಎಂದು ಅವರು ಕೇಳಿದ್ದು ಸುಮ್ನೆ ಅಲ್ಲ. ಇದನ್ನು ಕೆಲವರು ಹಳ್ಳಿಗರ ಅಜ್ಞಾನ ಎಂದು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಸೂಚಿಸಿದ ಮದ್ದಿನಲ್ಲಿ ತೊಂದರೆ ಇತ್ತು, ಆದರೆ ಹೇಳಿದ ನೋವು ನಿಜ.

1889 ಮತ್ತು 1890ರಲ್ಲಿ ಮೊಂಟಾನಾ, ಐಡಾಹೊ ಸೇರಿ ಆರು ಹೊಸ ಪಶ್ಚಿಮ ರಾಜ್ಯಗಳು ಒಕ್ಕೂಟಕ್ಕೆ ಬಂದವು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಬೆಳ್ಳಿ ಪರ ಮತಗಳು ಹೆಚ್ಚಿದವು. ಪೂರ್ವದ ಕಾರ್ಖಾನೆಯವರಿಗೆ ಆಮದು ಸುಂಕ ಏರಿಸಬೇಕಿತ್ತು, ಪಶ್ಚಿಮದವರಿಗೆ ಬೆಳ್ಳಿ ಮಾರಬೇಕಿತ್ತು. ಕೊಡು ಕೊಳ್ಳು ನಡೆಯಿತು. 1890ರ ಜುಲೈ 14ರಂದು ಶೆರ್ಮನ್ ಬೆಳ್ಳಿ ಖರೀದಿ ಕಾಯ್ದೆ ಬಂತು. ಸರ್ಕಾರ ಪ್ರತಿ ತಿಂಗಳು 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳಬೇಕು. ಅಂದರೆ ತಿಂಗಳಿಗೆ ಸುಮಾರು 140 ಟನ್. ಹೆಚ್ಚು ಕಡಿಮೆ ಅಮೆರಿಕದ ಗಣಿಗಳ ಇಡೀ ಉತ್ಪನ್ನ. ಕಾಯ್ದೆಗೆ ಹೆಸರು ಕೊಟ್ಟ ಸೆನೆಟರ್ ಜಾನ್ ಶೆರ್ಮನ್ ಅವರಿಗೇ ಅದು ಇಷ್ಟವಿರಲಿಲ್ಲ. ಇದನ್ನು ಬಿಟ್ಟರೆ ಮಿತಿಯೇ ಇಲ್ಲದ ಬೆಳ್ಳಿ ನಾಣ್ಯ ಬರುತ್ತದೆ ಎಂಬ ಭಯಕ್ಕೆ ಒಪ್ಪಿಕೊಂಡಿದ್ದರು.

ಈಗ ಕಾಯ್ದೆಯ ನಡುವೆ ಕೂತಿದ್ದ ಒಂದು ಪದ ನೋಡಿ. ಬೆಳ್ಳಿ ಕೊಳ್ಳಲು ಖಜಾನೆ ಹೊಸ ನೋಟು ಅಚ್ಚು ಹಾಕಬೇಕಿತ್ತು. ಆ ನೋಟಿನ ಮೇಲೆ, ಇದನ್ನು ತಂದವರಿಗೆ ಇಷ್ಟು ಡಾಲರನ್ನು ‘ನಾಣ್ಯದಲ್ಲಿ’ ಕೊಡುತ್ತೇವೆ ಎಂದು ಬರೆದಿತ್ತು. ಯಾವ ನಾಣ್ಯ? ಚಿನ್ನದ್ದೋ ಬೆಳ್ಳಿಯದ್ದೋ? ನೋಟಿನ ಮೇಲೆ ಅದಿಲ್ಲ. ಖಜಾನೆಯ ಕಾರ್ಯದರ್ಶಿಗೆ ಬಿಟ್ಟದ್ದು ಎಂದು ಕಾಯ್ದೆ ಹೇಳಿತು. ಅದೇ ಉಸಿರಿನಲ್ಲಿ, ಎರಡೂ ಲೋಹವನ್ನು ಸಮನಾಗಿ ಇಟ್ಟುಕೊಳ್ಳುವುದು ದೇಶದ ನೀತಿ ಎಂದೂ ಹೇಳಿತು. ನೋಟು ತಂದವರಿಗೆ ಬೆಳ್ಳಿ ತಗೊಂಡು ಹೋಗಿ ಎಂದರೆ, ಬೆಳ್ಳಿ ಡಾಲರ್ ಕೀಳು ಎಂದು ಸರ್ಕಾರವೇ ಸಾರಿದಂತೆ. ಸಮ ಎನ್ನುವ ಮಾತು ಆ ಕ್ಷಣವೇ ಮುರಿಯುತ್ತದೆ. ಹಾಗಾಗಿ ಕೇಳಿದವರಿಗೆಲ್ಲ ಚಿನ್ನವನ್ನೇ ಕೊಡಬೇಕಾಯಿತು. ಒಂದು ಕಡೆಯಿಂದ ಬೆಳ್ಳಿ ಒಳಗೆ, ಇನ್ನೊಂದು ಕಡೆಯಿಂದ ಚಿನ್ನ ಹೊರಗೆ.

1890ರ ನವೆಂಬರಿನಲ್ಲಿ ಲಂಡನ್ನಿನ ಬೇರಿಂಗ್ ಬ್ಯಾಂಕು ಅರ್ಜೆಂಟೀನಾದ ಸಾಲದಲ್ಲಿ ಸಿಕ್ಕಿಬಿದ್ದು ಮುಳುಗುವ ಹಂತಕ್ಕೆ ಬಂತು. ಇಂಗ್ಲೆಂಡಿನವರು ಕೈಯಲ್ಲಿದ್ದ ಅಮೆರಿಕನ್ ರೈಲ್ವೆ ಬಾಂಡುಗಳನ್ನು ಮಾರಿ ಹಣ ವಾಪಸ್ ಕೇಳಿದರು. ಅಮೆರಿಕ ನಾಳೆ ಬೆಳ್ಳಿಯಲ್ಲಿ ಸಾಲ ತೀರಿಸಿದರೆ ನಮ್ಮ ಗತಿಯೇನು ಎಂಬ ಅನುಮಾನವೂ ಅವರಿಗಿತ್ತು. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಖಜಾನೆಯ ಶಾಖೆ ಇತ್ತು. ನೋಟಿನ ಕಟ್ಟು ಅಲ್ಲಿಗೆ ಹೋಗಿ ಚಿನ್ನವಾಗಿ ಹಡಗು ಹತ್ತುತ್ತಿತ್ತು. 10 ಲಕ್ಷ ಡಾಲರಿನ ಚಿನ್ನ ಅಂದರೆ ಸುಮಾರು ಒಂದೂವರೆ ಟನ್. ಗಟ್ಟಿಮುಟ್ಟಾದ ಪೀಪಾಯಿ, ಪೆಟ್ಟಿಗೆಗಳಲ್ಲಿ ತುಂಬಿ ಬಂದರಿಗೆ ಸಾಗಿಸುವುದನ್ನು ಜನ ಕಣ್ಣಾರೆ ನೋಡುತ್ತಿದ್ದರು, ಮರುದಿನ ಪತ್ರಿಕೆಯಲ್ಲಿ ಎಷ್ಟು ಹೋಯಿತು ಎಂದು ಓದುತ್ತಿದ್ದರು.

ಖಜಾನೆಯಲ್ಲಿ ಕನಿಷ್ಠ 10 ಕೋಟಿ ಡಾಲರ್ ಚಿನ್ನ ಇರಬೇಕು ಎಂಬುದು ರೂಢಿ. ಅದು ಕೆರೆಯ ಕಲ್ಲಿನ ಮೇಲಿನ ಗುರುತಿನ ಹಾಗೆ. ನೀರು ಅದಕ್ಕಿಂತ ಇಳಿದರೆ ಊರಿಗೇ ದಿಗಿಲು. 1893ರ ಏಪ್ರಿಲ್ ಕೊನೆಯಲ್ಲಿ ಆ ಗುರುತು ಬಯಲಾಯಿತು. ಅದಕ್ಕೂ ಮೊದಲೇ, ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್ವೆ ದಿವಾಳಿಯಾಗಿತ್ತು. ಮೇ ಮೊದಲ ವಾರ ಹಗ್ಗ ಮಾಡುವ ದೊಡ್ಡ ಕಂಪನಿ ನ್ಯಾಷನಲ್ ಕಾರ್ಡೇಜ್ ಕುಸಿಯಿತು, ಷೇರುಪೇಟೆ ಅದರ ಹಿಂದೆಯೇ ಬಿತ್ತು. ಬ್ಯಾಂಕುಗಳ ಮುಂದೆ ಸಾಲು ನಿಂತಿತು. ಆ ವರ್ಷ ಸುಮಾರು 500 ಬ್ಯಾಂಕು, 15,000 ವ್ಯಾಪಾರ ಸಂಸ್ಥೆಗಳು ಬಾಗಿಲು ಹಾಕಿದವು.

ಈಗ ನಿಮ್ಮ ಎರಡನೇ ಪ್ರಶ್ನೆ, ನಮ್ಮ ರೂಪಾಯಿ. ಇಡೀ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ ಇದು, ಅಮೆರಿಕದವರು ಬರೆದ ಇತಿಹಾಸದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಭಾಗವೂ ಇದೇ.

ಆಗ ಭಾರತದ ರೂಪಾಯಿ ಬೆಳ್ಳಿಯದು. ಯಾರು ಬೇಕಾದರೂ ಬೆಳ್ಳಿಯನ್ನು ಬಾಂಬೆ ಅಥವಾ ಕಲ್ಕತ್ತಾ ಟಂಕಸಾಲೆಗೆ ಕೊಟ್ಟು, ಸಣ್ಣ ಕೂಲಿ ಮುರಿಸಿಕೊಂಡು ರೂಪಾಯಿ ಪಡೆಯಬಹುದಿತ್ತು. ಜಗತ್ತಿನ ಬೆಳ್ಳಿಯ ತೀರಾ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. ಬೆಳ್ಳಿ ಅಗ್ಗವಾದಂತೆ ರೂಪಾಯಿಯೂ ಇಳಿಯಿತು. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹತ್ತಿರ ಹತ್ತಿರ 2 ಶಿಲ್ಲಿಂಗ್ (ಬ್ರಿಟನ್ನಿನ ಹಣ, 12 ಪೆನ್ಸ್ ಅಂದರೆ ಒಂದು ಶಿಲ್ಲಿಂಗ್). 1893ರ ಹೊತ್ತಿಗೆ 1 ಶಿಲ್ಲಿಂಗ್ 3 ಪೆನ್ಸ್‌ಗೂ ಕಡಿಮೆ. ಬ್ರಿಟಿಷ್ ಸರ್ಕಾರ ಇಲ್ಲಿ ಕಂದಾಯ ಎತ್ತುತ್ತಿದ್ದದ್ದು ರೂಪಾಯಿಯಲ್ಲಿ, ಲಂಡನ್ನಿನಲ್ಲಿ ಬಡ್ಡಿ, ಪಿಂಚಣಿ ಕಟ್ಟುತ್ತಿದ್ದದ್ದು ಪೌಂಡಿನಲ್ಲಿ. ಅಷ್ಟೇ ಪೌಂಡಿಗೆ ವರ್ಷ ವರ್ಷ ಹೆಚ್ಚು ರೂಪಾಯಿ ಬೇಕಾಯಿತು.

ಲಾರ್ಡ್ ಹರ್ಷೆಲ್ ನೇತೃತ್ವದ ಸಮಿತಿ ಇದನ್ನು ನೋಡಲು ಕೂತಿತು. ಅವರ ತಲೆಯಲ್ಲಿದ್ದ ದೊಡ್ಡ ಚಿಂತೆಗಳಲ್ಲಿ ಒಂದು ಏನು ಗೊತ್ತಾ? ಅಮೆರಿಕ ಇಂದಲ್ಲ ನಾಳೆ ಶೆರ್ಮನ್ ಕಾಯ್ದೆಯನ್ನು ರದ್ದು ಮಾಡುತ್ತದೆ, ಆಗ ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳುವವರಿಲ್ಲದೆ ಮಾರುಕಟ್ಟೆಗೆ ಬೀಳುತ್ತದೆ, ರೂಪಾಯಿ ಪಾತಾಳಕ್ಕೆ ಹೋಗುತ್ತದೆ ಎಂಬುದು. ಅದಕ್ಕೆ ಮೊದಲೇ ನಾವು ಬಾಗಿಲು ಹಾಕಿಕೊಳ್ಳೋಣ ಎಂದರು. 1893ರ ಜೂನ್ 26ರಂದು ಭಾರತದ ಟಂಕಸಾಲೆಗಳು ಜನರ ಬೆಳ್ಳಿಗೆ ಮುಚ್ಚಿದವು.

ತಂತಿ ಸುದ್ದಿ ಮುಟ್ಟಿದ ನಾಲ್ಕೈದು ದಿನದಲ್ಲಿ ನ್ಯೂಯಾರ್ಕಿನಲ್ಲಿ ಬೆಳ್ಳಿ ಔನ್ಸಿಗೆ 80 ಸೆಂಟಿಗಿಂತ ಮೇಲಿದ್ದದ್ದು 60 ಸೆಂಟಿನ ಆಸುಪಾಸಿಗೆ ಬಿತ್ತು. ಕೊಲರಾಡೊದ ಗಣಿಗಳು, ಬೆಳ್ಳಿ ಕರಗಿಸುವ ಕುಲುಮೆಗಳು ಕೆಲಸ ನಿಲ್ಲಿಸಿದವು. ಜುಲೈನಲ್ಲಿ ಡೆನ್ವರ್ ನಗರದ ಹನ್ನೆರಡು ಬ್ಯಾಂಕುಗಳು ಕೆಲವೇ ದಿನಗಳಲ್ಲಿ ಮುಚ್ಚಿದವು. ಜೂನ್ 30ರಂದು, ಅಂದರೆ ಭಾರತದ ಟಂಕಸಾಲೆ ಮುಚ್ಚಿದ ನಾಲ್ಕೇ ದಿನಕ್ಕೆ, ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸಂಸತ್ತಿನ ವಿಶೇಷ ಅಧಿವೇಶನ ಕರೆದರು. ಅಮೆರಿಕ ಕಾಯ್ದೆ ರದ್ದು ಮಾಡಬಹುದು ಎಂದು ಭಾರತ ಸರ್ಕಾರ ಹೆದರಿತು. ಆ ಹೆದರಿಕೆಯಲ್ಲಿ ಅದು ಮಾಡಿದ ಕೆಲಸವೇ ರದ್ದನ್ನು ಹತ್ತಿರ ತಂದಿತು.

ಇಲ್ಲಿನವರಿಗೆ ಇದರಿಂದ ಏನಾಯಿತು ಎಂಬುದನ್ನೂ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಬೆಳ್ಳಿಯ ಕಡಗ, ಡಾಬು, ಕಾಲಂದುಗೆ ಅಂದರೆ ಬರೀ ಒಡವೆಯಾಗಿರಲಿಲ್ಲ. ಅದೇ ಬ್ಯಾಂಕು. ಬರ ಬಂದಾಗ ಚಿನಿವಾರರಿಗೆ ಮಾರಿ ರಾಗಿ ತರುತ್ತಿದ್ದರು. ಆ ಬೆಳ್ಳಿ ಕೊನೆಗೆ ಟಂಕಸಾಲೆಗೆ ಹೋಗಿ ಹೆಚ್ಚು ಕಡಿಮೆ ಅದೇ ತೂಕದ ರೂಪಾಯಿಯಾಗಬಹುದಿತ್ತು, ಹಾಗಾಗಿ ಬೆಲೆಗೆ ಒಂದು ಆಸರೆ ಇತ್ತು. ಜೂನ್ 26ರ ನಂತರ ಆ ಆಸರೆ ಹೋಯಿತು. ರೂಪಾಯಿ ಮುದ್ರೆ ಇದ್ದ ಬೆಳ್ಳಿಗೆ ಒಂದು ಬೆಲೆ, ಕೈಯಲ್ಲಿದ್ದ ಕಡಗದ ಬೆಳ್ಳಿಗೆ ಇನ್ನೊಂದು ಬೆಲೆ. ಯಾವ ಹೆಂಗಸನ್ನೂ ಯಾರೂ ಕೇಳಲಿಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಬೇಸರವಾಗುತ್ತದೆ.

ಮತ್ತೆ ವಾಷಿಂಗ್ಟನ್ನಿಗೆ ಬರೋಣ. ಅಧಿವೇಶನ ಕರೆದ ಮರುದಿನ, ಜುಲೈ 1ರಂದು, ಕ್ಲೀವ್‌ಲ್ಯಾಂಡ್ ಗೆಳೆಯರೊಬ್ಬರ ಒನೈಡಾ ಎಂಬ ವಿಹಾರ ನೌಕೆಯಲ್ಲಿದ್ದರು. ಗಾಳಿ ಸೇವನೆಗೆ ಹೋಗಿದ್ದಾರೆ ಎಂದು ಜನ ತಿಳಿದಿದ್ದರು. ನಿಜಕ್ಕೂ ಅವರ ಬಾಯಲ್ಲಿ ಗಡ್ಡೆ ಬೆಳೆದಿತ್ತು. ಚಲಿಸುವ ದೋಣಿಯಲ್ಲಿ ವೈದ್ಯರು ಮೇಲ್ದವಡೆಯ ಎಡಭಾಗದ ಮೂಳೆಯನ್ನು ಹಲ್ಲುಗಳ ಸಮೇತ ತೆಗೆದರು. ಆಮೇಲೆ ರಬ್ಬರಿನ ಕೃತಕ ದವಡೆ ಕೂಡಿಸಿದರು, ಮಾತು ಮೊದಲಿನಂತೆಯೇ ಕೇಳುವ ಹಾಗೆ. ಉಪಾಧ್ಯಕ್ಷ ಅಡ್ಲೈ ಸ್ಟೀವನ್ಸನ್ ಬೆಳ್ಳಿ ಪರ ಒಲವಿದ್ದವರು. ಅಧ್ಯಕ್ಷರಿಗೆ ಕ್ಯಾನ್ಸರ್ ಎಂಬ ಸುದ್ದಿ ಹೊರಬಿದ್ದಿದ್ದರೆ ಚಿನ್ನಕ್ಕೆ ಇನ್ನಷ್ಟು ನೂಕುನುಗ್ಗಲು ಆಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆಗಸ್ಟ್ ಕೊನೆಯಲ್ಲಿ ಒಂದು ಪತ್ರಿಕೆ ಇದನ್ನು ಬರೆದೇ ಬರೆಯಿತು. ಅಧ್ಯಕ್ಷರ ಕಡೆಯವರು ಸುಳ್ಳು ಎಂದರು, ಪತ್ರಕರ್ತರ ಹೆಸರು ಕೆಟ್ಟಿತು. ಶಸ್ತ್ರಚಿಕಿತ್ಸೆಯಲ್ಲಿದ್ದ ಡಾಕ್ಟರ್ ವಿಲಿಯಂ ಕೀನ್ 1917ರಲ್ಲಿ ನಿಜ ಬರೆದ ಮೇಲಷ್ಟೇ ಆ ಪತ್ರಕರ್ತರಿಗೆ ನ್ಯಾಯ ಸಿಕ್ಕಿತು. ಒಬ್ಬ ಪ್ರಾಮಾಣಿಕ ವರದಿಗಾರನನ್ನು ಇಪ್ಪತ್ತನಾಲ್ಕು ವರ್ಷ ಸುಳ್ಳುಗಾರನನ್ನಾಗಿ ಇಟ್ಟದ್ದಕ್ಕೆ ಯಾವ ಬಿಕ್ಕಟ್ಟೂ ಸಮರ್ಥನೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಗಸ್ಟ್ 28ರಂದು ಕೆಳಮನೆ 239ಕ್ಕೆ 108 ಮತಗಳಿಂದ ರದ್ದನ್ನು ಒಪ್ಪಿತು. ವಿಲಿಯಂ ಜೆನಿಂಗ್ಸ್ ಬ್ರಯಾನ್ ಎಂಬ ನೆಬ್ರಾಸ್ಕದ ಯುವಕ ಅದರ ವಿರುದ್ಧ ಮೂರು ಗಂಟೆ ಮಾತಾಡಿದ್ದರು. ಸೆನೆಟ್‌ನಲ್ಲಿ ಬೆಳ್ಳಿ ಪಕ್ಷದವರು ವಾರಗಟ್ಟಲೆ ಮಾತಾಡಿಯೇ ಮಸೂದೆಯನ್ನು ತಡೆದರು. ಅವರಲ್ಲಿ ವಿಲಿಯಂ ಆಲನ್ ಒಬ್ಬರೇ ಸುಮಾರು 15 ಗಂಟೆ ಮಾತಾಡಿದರು. ಅಕ್ಟೋಬರ್ 30ಕ್ಕೆ 11 ಮತಗಳ ಅಂತರದಲ್ಲಿ ಅಲ್ಲೂ ಗೆದ್ದಿತು. ಶೆರ್ಮನ್ ಅವರೂ ತಮ್ಮ ಹೆಸರಿನ ಕಾಯ್ದೆಯ ವಿರುದ್ಧವೇ ನಿಂತರು. ನವೆಂಬರ್ 1ರಂದು ಕ್ಲೀವ್‌ಲ್ಯಾಂಡ್ ಸಹಿ ಹಾಕಿದರು.

ಈಗ ದಿನಾಂಕಗಳನ್ನು ಜೋಡಿಸಿ ನೋಡಿ. ಬ್ಯಾಂಕುಗಳ ಮೇಲಿನ ದೌಡು ಜೂನ್‌ನಿಂದ ಆಗಸ್ಟ್‌ವರೆಗೆ ತೀರಾ ಜೋರಾಗಿತ್ತು. ಆಗಸ್ಟಿನಲ್ಲಿ ನಗದು ಎಷ್ಟು ಅಪರೂಪವಾಯಿತು ಅಂದರೆ, ನ್ಯೂಯಾರ್ಕಿನಲ್ಲಿ ಚೆಕ್ಕು ಕೊಟ್ಟು ನೋಟು ಪಡೆಯಲು ನೂರಕ್ಕೆ ನಾಲ್ಕರವರೆಗೆ ವಟ್ಟ ಕೊಡಬೇಕಿತ್ತು. ಆ ಲಾಭಕ್ಕಾಗಿಯೇ ಯುರೋಪಿನಿಂದ ಚಿನ್ನ ವಾಪಸ್ ಬಂತು. ಬ್ಯಾಂಕುಗಳು ತಮ್ಮತಮ್ಮಲ್ಲೇ ಲೆಕ್ಕ ಚುಕ್ತಾ ಮಾಡಲು ಸಾಲದ ಚೀಟಿ ಬಳಸಿದವು. ಸೆಪ್ಟೆಂಬರಿನ ಹೊತ್ತಿಗೆ ಗಾಬರಿ ಬಹುಪಾಲು ಇಳಿದಿತ್ತು. ರದ್ದಿಗೆ ಸಹಿ ಬಿದ್ದದ್ದು ನವೆಂಬರಿನಲ್ಲಿ. ಹಾಗಾಗಿ ರದ್ದೇ ಬ್ಯಾಂಕುಗಳನ್ನು ಉಳಿಸಿತು ಎನ್ನಲು ಬರುವುದಿಲ್ಲ. ಕೆಳಮನೆಯ ಮತದಿಂದ ಸ್ವಲ್ಪ ಧೈರ್ಯ ಬಂದಿರಬಹುದು, ಅಷ್ಟು ಒಪ್ಪುತ್ತೇನೆ.

ಹಾಗಾದರೆ ರದ್ದಾದ ಮೇಲೂ ಚಿನ್ನ ಹರಿದದ್ದು ಯಾಕೆ? ಕೆರೆಯ ಮಾತಿಗೇ ಬರೋಣ. ಖಜಾನೆ ಎಂಬ ಕೆರೆಗೆ ಎರಡು ತೂಬು. ಒಂದು, ಬೆಳ್ಳಿ ಕೊಳ್ಳಲು ಅಚ್ಚು ಹಾಕಿದ ಸುಮಾರು 15.6 ಕೋಟಿ ಡಾಲರಿನ ನೋಟು. ರದ್ದಿನಿಂದ ಇದು ಇನ್ನಷ್ಟು ಅಗಲವಾಗುವುದು ನಿಂತಿತು, ಆದರೆ ಆಗಲೇ ಹೊರಗಿದ್ದ ನೋಟುಗಳು ಹಾಗೇ ಇದ್ದವು. ಇನ್ನೊಂದು, ಅಂತರ್ಯುದ್ಧದ ಕಾಲದಿಂದ ಉಳಿದ 34.6 ಕೋಟಿ ಡಾಲರಿನ ಹಸಿರು ನೋಟು. 1878ರ ಒಂದು ಕಾನೂನಿನ ಪ್ರಕಾರ, ಚಿನ್ನ ಕೊಟ್ಟು ವಾಪಸ್ ಪಡೆದ ಹಸಿರು ನೋಟನ್ನು ಹರಿದು ಹಾಕುವಂತಿಲ್ಲ, ಮತ್ತೆ ಚಲಾವಣೆಗೆ ಬಿಡಲೇಬೇಕು. ಸರ್ಕಾರ ಸಂಬಳ ಕೊಟ್ಟಾಗ ಅದು ಹೊರಗೆ ಹೋಗುತ್ತದೆ, ಯಾರೋ ಅದನ್ನು ತಂದು ಮತ್ತೆ ಚಿನ್ನ ಕೇಳುತ್ತಾರೆ. ಒಂದೇ ನೋಟು ಏತದ ಬಾನಿಯ ಹಾಗೆ ಇಳಿದು ಹತ್ತಿ, ಇಳಿದು ಹತ್ತಿ, ಚಿನ್ನ ಮೊಗೆಯುತ್ತಿತ್ತು.

ಇದರ ಜೊತೆಗೆ ಕೆರೆಗೆ ನೀರು ತರುವ ಹಳ್ಳವೇ ಬತ್ತಿತ್ತು. 1890ರಲ್ಲೇ ಸಕ್ಕರೆಯ ಸುಂಕ ತೆಗೆದಿದ್ದರು, ಸೈನಿಕರ ಪಿಂಚಣಿ ಹೆಚ್ಚಿಸಿದ್ದರು. ವ್ಯಾಪಾರ ಬಿದ್ದಾಗ ಉಳಿದ ಸುಂಕವೂ ಬಿತ್ತು. 1894ರ ಲೆಕ್ಕದ ವರ್ಷದಲ್ಲಿ ಕೊರತೆ 6 ಕೋಟಿ ಡಾಲರ್ ದಾಟಿತು. ಖರ್ಚಿಗೆ ಕಾಸಿಲ್ಲದ ಸರ್ಕಾರ, ಚಿನ್ನ ಕೊಟ್ಟು ಪಡೆದ ನೋಟನ್ನೇ ಖರ್ಚು ಮಾಡಬೇಕಾಯಿತು. ಬೆಳ್ಳಿ ಖರೀದಿ ನಿಲ್ಲಿಸಿದ್ದರಿಂದ ಇದಾವುದೂ ಸರಿಹೋಗುವಂಥದ್ದಲ್ಲ, ಅಲ್ವಾ?

1894ರ ಜನವರಿಯಲ್ಲಿ ಚಿನ್ನ 7 ಕೋಟಿಗಿಂತ ಕೆಳಗೆ ಹೋಯಿತು. ಚಿನ್ನ ತುಂಬಿಸಿಕೊಳ್ಳಲು ಸರ್ಕಾರ ಆ ವರ್ಷ ಎರಡು ಸಲ, ಸಲಕ್ಕೆ 5 ಕೋಟಿ ಡಾಲರಿನಂತೆ ಬಾಂಡು ಮಾರಿತು. ಕೊಂಡವರಲ್ಲಿ ಎಷ್ಟೋ ಜನ ಖಜಾನೆಗೇ ನೋಟು ಕೊಟ್ಟು ಚಿನ್ನ ಪಡೆದು, ಅದೇ ಚಿನ್ನದಿಂದ ಬಾಂಡು ಕೊಂಡರು. 1895ರ ಫೆಬ್ರವರಿಯಲ್ಲಿ 4 ಕೋಟಿ ಚಿಲ್ಲರೆ ಮಾತ್ರ ಉಳಿದಿತ್ತು. ಆಗ ನ್ಯೂಯಾರ್ಕಿನ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ವಾಷಿಂಗ್ಟನ್ನಿಗೆ ಬಂದರು. ಅವರೂ ಆಗಸ್ಟ್ ಬೆಲ್ಮಾಂಟ್ ಎಂಬ ಇನ್ನೊಬ್ಬ ಬ್ಯಾಂಕರೂ ಸೇರಿ 35 ಲಕ್ಷ ಔನ್ಸ್ ಚಿನ್ನ ಕೊಡುವುದು, ಅದರಲ್ಲಿ ಅರ್ಧ ಯುರೋಪಿನಿಂದಲೇ ತರುವುದು ಎಂದು ಒಪ್ಪಂದವಾಯಿತು. ಅದಕ್ಕೆ ಬದಲಾಗಿ ಅವರು 100 ಡಾಲರ್ ಮುಖಬೆಲೆಗೆ 104.5ರಂತೆ ಪಡೆದ ಬಾಂಡುಗಳು ಕೆಲವೇ ದಿನದಲ್ಲಿ 112ಕ್ಕೂ ಮೇಲೆ ಮಾರಾಟವಾದವು. ಚಿನ್ನ ಉಳಿಯಿತು, ಜನರ ನಂಬಿಕೆ ಉಳಿಯಲಿಲ್ಲ. ಕೆಲಸ ಹುಡುಕುವವರ ದಂಡು ವಾಷಿಂಗ್ಟನ್ನಿಗೆ ನಡೆದು ಬಂದ ಮರುವರ್ಷ ಹೀಗೊಂದು ಒಪ್ಪಂದ ಮಾಡಿದರೆ ಬಡವನಿಗೆ ಏನು ಅನ್ನಿಸಬೇಕು?

ಕ್ಲೀವ್‌ಲ್ಯಾಂಡ್ ಮೇಲೆ ನನ್ನ ದೂರು ಇರುವುದು ಇಲ್ಲೇ. 1893ರ ಆಗಸ್ಟಿನ ಸಂದೇಶದಲ್ಲಿ ಅವರು ಕಷ್ಟಕ್ಕೆಲ್ಲ ಮುಖ್ಯ ಕಾರಣ ಬೆಳ್ಳಿ ಕಾಯ್ದೆ ಎಂದರು. ಕಾಯ್ದೆ ಕೆಟ್ಟದ್ದೇ ಇತ್ತು, ಹೋಗಲೇಬೇಕಿತ್ತು. ಅಗ್ಗವಾಗುತ್ತಲೇ ಇರುವ ಲೋಹವನ್ನು ಚಿನ್ನ ಕೊಟ್ಟು ತಿಂಗಳು ತಿಂಗಳು ಕೊಳ್ಳುವ ಸರ್ಕಾರ ಬಾಳುವುದಿಲ್ಲ. ಆದರೆ ರೈತನ ಕೈಯಲ್ಲಿದ್ದ ಆ ಒಂದು ಭರವಸೆಯನ್ನು ಕಿತ್ತುಕೊಂಡು, ಬದಲಿಗೆ ಏನನ್ನೂ ಕೊಡಲಿಲ್ಲ. ಹಸಿರು ನೋಟಿನ ಕಾನೂನನ್ನು ಅದೇ ಅಧಿವೇಶನದಲ್ಲಿ ತಿದ್ದಲಿಲ್ಲ. ಹೊಲದ ಸಾಲದ ಮಾತೇ ಬರಲಿಲ್ಲ. 1894ರ ಚುನಾವಣೆಯಲ್ಲಿ ಅವರ ಡೆಮಾಕ್ರಟಿಕ್ ಪಕ್ಷ ಕೆಳಮನೆಯಲ್ಲಿ ನೂರಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡಿತು. 1896ರಲ್ಲಿ ಆ ಪಕ್ಷವೇ ಅವರನ್ನು ಬಿಟ್ಟು, ಆಗ 36 ವರ್ಷದ ಬ್ರಯಾನ್ ಅವರನ್ನು ಆರಿಸಿತು. ಬ್ರಯಾನ್ ಸೋತರು.

ಕೊನೆಗೆ ಕಷ್ಟ ಕರಗಿದ್ದು ದಕ್ಷಿಣ ಆಫ್ರಿಕಾ ಮತ್ತು ಕೆನಡಾದ ಕ್ಲೋಂಡೈಕ್ ಗಣಿಗಳ ಹೊಸ ಚಿನ್ನದಿಂದ, ಅದಿರಿನಿಂದ ಚಿನ್ನ ತೆಗೆಯುವ ಸಯನೈಡ್ ವಿಧಾನದಿಂದ. ನಮ್ಮ ಕೋಲಾರದ ಚಿನ್ನವೂ ಆಗ ಲಂಡನ್ನಿಗೇ ಹೋಗುತ್ತಿತ್ತು. ಚಿನ್ನ ಹೆಚ್ಚಿತು, ಬೆಲೆಗಳು ಏರಿದವು, ಸಾಲ ಹಗುರಾಯಿತು. ರೈತರು ಬೆಳ್ಳಿಯಿಂದ ಬಯಸಿದ್ದನ್ನು ಚಿನ್ನ ತಂದುಕೊಟ್ಟಿತು. 1900ರಲ್ಲಿ ಅಮೆರಿಕ ಚಿನ್ನವೊಂದೇ ತನ್ನ ಹಣದ ಅಳತೆ ಎಂದು ಕಾನೂನು ಮಾಡಿತು.

ಇನ್ನು ಅಜ್ಜಿಯ ಪೆಟ್ಟಿಗೆ. 1878ರಿಂದ 1893ರವರೆಗೆ ಅಮೆರಿಕ ಎರಡು ಕಾನೂನುಗಳಡಿ (ಮೊದಲು 1878ರ ಬೇರೊಂದು ಬೆಳ್ಳಿ ಖರೀದಿ ಕಾನೂನು, ಆಮೇಲೆ ಶೆರ್ಮನ್ ಕಾಯ್ದೆ) ಕೊಂಡ ಬೆಳ್ಳಿಯ ಬಹುಪಾಲು ಡಾಲರ್ ನಾಣ್ಯವಾಗಿ ಚೀಲಗಳಲ್ಲಿ ಕೊಠಡಿ ಕೊಠಡಿ ತುಂಬಿತ್ತು. ಯಾರಿಗೂ ಬೇಡವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಸಾಮಾನು ಕೊಳ್ಳಲು ರೂಪಾಯಿಗೆ ವಿಪರೀತ ಬೇಡಿಕೆ ಬಂತು. 1918ರಲ್ಲಿ ಯುದ್ಧದ ಸುದ್ದಿ ಕೆಟ್ಟಾಗ ಜನ ನೋಟು ಹಿಡಿದು ಬೆಳ್ಳಿ ಕೇಳಲು ಬಾಂಬೆಯ ಕರೆನ್ಸಿ ಕಚೇರಿಗೆ ಮುಗಿಬಿದ್ದರು. ಸರ್ಕಾರದ ಬಳಿ ಬೆಳ್ಳಿ ಮುಗಿಯುತ್ತಾ ಬಂದಿತ್ತು. ಬ್ರಿಟನ್ ಅಮೆರಿಕದ ಬಾಗಿಲು ತಟ್ಟಿತು. ಆ ಏಪ್ರಿಲಿನಲ್ಲಿ ನೆವಾಡದ ಸೆನೆಟರ್ ಕೀ ಪಿಟ್‌ಮನ್ ಅವರ ಕಾಯ್ದೆ ಬಂತು. ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿದರು. ಸುಮಾರು 20 ಕೋಟಿ ಔನ್ಸ್ ಬೆಳ್ಳಿ, ಔನ್ಸಿಗೆ 1 ಡಾಲರಿನಂತೆ, ಭಾರತಕ್ಕೆಂದು ಹೊರಟಿತು. ಇಲ್ಲಿ ಅದು ರೂಪಾಯಿಯಾಯಿತು.

ನಿಮ್ಮ ನಾಣ್ಯದ ಹಿಂಬದಿಯಲ್ಲಿ, ತಳದ ಹೂವಿನ ಕೆಳಗೆ ಸಣ್ಣ ಚುಕ್ಕಿ ಇದೆಯಾ ನೋಡಿ. ಇದ್ದರೆ ಬಾಂಬೆ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತಾದ್ದು. ನಿಮ್ಮ ಕೈಯಲ್ಲಿರುವ ರೂಪಾಯಿಯ ಬೆಳ್ಳಿ ಕೊಲರಾಡೊದ್ದೇ ಎಂದು ಒಂದೊಂದು ನಾಣ್ಯಕ್ಕೆ ಹೇಳಲು ಆಗುವುದಿಲ್ಲ, ಲೋಹ ಕರಗಿದ ಮೇಲೆ ಗುರುತು ಉಳಿಯುವುದಿಲ್ಲ. ಆದರೆ ಆ ವರ್ಷದ ರೂಪಾಯಿ ನೋಡಿದಾಗಲೆಲ್ಲ ನಾನು ಒಂದು ಸಲ ಕೈಯಲ್ಲಿ ತೂಗಿ ನೋಡುತ್ತೇನೆ. ದಯವಿಟ್ಟು ಅವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ಹಾಗೇ ಇಡಿ.